ಮೇಷ್ಟ್ರು ತಿದ್ದಿದ ಮಾತು

ನಮ್ಮ ಬೀದಿಯ ಸ್ಪ್ಯಾನಿಷ್ ಮೇಷ್ಟ್ರಿಗೆ ಯಾರ ಬಾಯಿಗೆ ಯಾರು ತುತ್ತಿಟ್ಟರೂ ಸುಮ್ಮನೆ ನೋಡಿ ಹೋಗಲು ಬರುವುದಿಲ್ಲ. ಅದಕ್ಕೊಂದು ಸ್ಪ್ಯಾನಿಷ್ ಕ್ರಿಯಾಪದ ಅಂಟಿಸಿಯೇ ಮುಂದಿನ ಹೆಜ್ಜೆ. ಕೋಳಿ ಅಂಗಡಿಯವನು ಹುಂಜಕ್ಕೆ ಜೋಳ ಸುರಿಯುತ್ತಿದ್ದರೆ, "ಇದು ಸೆಬಾರ್ ಕಣಯ್ಯ, ಕೊಬ್ಬಿಸೋದು" ಎನ್ನುತ್ತಾರೆ. ದರ್ಜಿಯ ಹೆಂಡತಿ ಪಕ್ಕದ ಮನೆಯ ಮಗುವಿಗೆ ಬ್ರೆಡ್ ಕೊಟ್ಟರೆ, "ಇದು ದಾರ್ ದೆ ಕೊಮೆರ್, ಬರೀ ಉಣಿಸೋದು. ಕ್ರಿಯಾರ್ ಅಂದ್ರೆ ಸಾಕಿ ಬೆಳೆಸೋದು, ಅದಕ್ಕೆ ಜೀವ ಸವೆಸಬೇಕು ತಾಯಿ." "ಮೇಷ್ಟ್ರೇ, ಮಗು ಅಳ್ತಿದೆ, ಮೊದಲು ತಿನ್ಲಿ ಬಿಡಿ!" ಎಂದು ಆಕೆ ಗದರಿದರೂ ಇವರು ಜಗ್ಗುವವರಲ್ಲ. ತರಗತಿಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದವರಿಗೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತೀಯಲ್ಲೋ!" ಎಂಬ ಆಶೀರ್ವಾದ ತಪ್ಪಿದ್ದಲ್ಲ. ಊಟ ಬಿಟ್ಟಾರು, ತಿದ್ದುವುದು ಬಿಡರು. ಇಂಥವರು ಮನೆಗೆ ಬಂದೊಡನೆ ಅಂಗಿಯ ತೋಳು ಮಡಚಿ, ಗಂಜಿ ಆರಿಸಿಕೊಂಡು, ಹಾಸಿಗೆ ಹಿಡಿದ ಅತ್ತಿಗೆಯ ಪಕ್ಕ ಕೂರುತ್ತಾರೆ. ಹೆತ್ತವಳು ಕಣ್ಣು ಮುಚ್ಚಿದಾಗ ತೊಟ್ಟಿಲಲ್ಲಿದ್ದ ಈ ಮೈದುನನನ್ನು ಎತ್ತಿಕೊಂಡವರು ಆ ಅತ್ತಿಗೆಯೇ. ಮೊನ್ನೆಯಿಂದ ಅತ್ತಿಗೆ ಗಂಜಿ ಒಲ್ಲದೆ ತುಟಿ ಬಿಗಿದು ಮಲಗಿದ್ದರು. "ಬೇಡಪ್ಪ. ಈ ಮುದಿಗೊಡ್ಡನ್ನ ಸಾಕೋ ಕರ್ಮ ನಿನಗ್ಯಾಕೆ?" ಮೇಷ್ಟ್ರು ಚಮಚ ಕೆಳಗಿಟ್ಟು, ತರಗತಿಯ ಗತ್ತಿನಲ್ಲೇ ಕನ್ನಡಕ ಸರಿಮಾಡಿಕೊಂಡರು. "ತಪ್ಪು, ಅತ್ತಿಗೆ. ಸಾಕಿದ್ದು ನೀವು. ನಾನು ಬರೀ ಉಣಿಸ್ತಿದ್ದೀನಿ." "ತೊಟ್ಟಿಲಿಂದಲೂ ನಿನ್ನ ಬಾಯಿಗೆ ಬೀಗ ಇಲ್ಲ ಕಣೋ" ಎಂದು ಅತ್ತಿಗೆ ಗೊಣಗಿ, ತಮ್ಮ ಬಾಯಿ ತೆರೆದರು.