ಮೂರು ಸಲ ಸರಿದ ಗುಂಡಿ

ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಮಷೀನು ತುಳಿದ ಆ ಹೆಂಗಸನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಆಕೆಯ ಅಂಗಡಿಗೆ ಒಂದು ನೇಮವಿತ್ತು: ಪುಸ್ತಕದಲ್ಲಿ ನಿಜ, ಬಾಯಲ್ಲಿ ಸುಳ್ಳು. ಸೊಂಟ ಮೂವತ್ತಾರು ಬಂದರೆ ಅಳತೆ ಪುಸ್ತಕದಲ್ಲಿ ಮೂವತ್ತಾರೇ ಬರೆಯುವಳು. ಬಾಯಲ್ಲಿ ಮಾತ್ರ, "ಮೂವತ್ತನಾಲ್ಕು ಕಣ್ರೀ, ಹೋದ ವರ್ಷದಷ್ಟೇ ಇದೀರ!" ಬಂದವರು ಮುಖ ಸಪ್ಪೆ ಮಾಡಿಕೊಂಡು ಹೋಗಬಾರದು, ಅಷ್ಟೇ ಆಕೆಯ ಆಸೆ.

ಈ ನೇಮ ಮುಳುವಾದದ್ದು ತಂಗಿಯ ಮಗಳ ವಿಷಯದಲ್ಲಿ.

ಆ ಹುಡುಗಿ ಹುಟ್ಟಿದಾಗ ಅಂಗೈಯಗಲ ಇದ್ದಳಂತೆ, ಹಾಗಾಗಿ ಗುಬ್ಬಿ ಎಂಬ ಹೆಸರು ಅಂಟಿಕೊಂಡಿತ್ತು. ಇಪ್ಪತ್ತೊಂದಕ್ಕೆ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ ಸಿಕ್ಕಿತು. ಕಾಲರ್ ಗುಂಡಿಯನ್ನು ಗಂಟಲತನಕ ಹಾಕಲೇಬೇಕೆಂಬ ಕಟ್ಟುನಿಟ್ಟಿನ ನೀಲಿ ಅಂಗಿ. ಅದನ್ನು ಹೊಲಿದವಳು ದೊಡ್ಡಮ್ಮನೇ, ಇಸ್ತ್ರಿ ಮಾಡುತ್ತಿದ್ದವಳೂ ಆಕೆಯೇ.

ಐದಾರು ತಿಂಗಳಿಗೆ ಹುಡುಗಿ ಬಂದಳು. "ದೊಡ್ಡಮ್ಮ, ಕಾಲರ್ ಯಾಕೋ ಹಿಡೀತಿದೆ."

"ಒಗೆದ ಬಟ್ಟೆ ಕುಗ್ಗಲ್ವೇನೇ? ಬಿಡು." ಅಳೆದು, ಬರೆದುಕೊಂಡು, ಅವಳು ಹೋದ ಮೇಲೆ ಗುಂಡಿಯನ್ನು ಅರ್ಧ ಇಂಚು ಸರಿಸಿದಳು. ಎರಡನೆಯ ಸಲ, ಮೂರನೆಯ ಸಲ ಹುಡುಗಿ ಕೇಳಲೂ ಇಲ್ಲ. ಕತ್ತಿನ ಮೇಲಿನ ಕೆಂಪು ಗೆರೆ ನೋಡಿ ದೊಡ್ಡಮ್ಮ ತಾನೇ ಟೇಪು ಹಿಡಿದು, ಇಸ್ತ್ರಿ ಮಾಡುವಾಗ ಸದ್ದಿಲ್ಲದೆ ಸರಿಸಿಟ್ಟಳು. ಪ್ರೀತಿಯಿಂದಲೇ ಮಾಡಿದ್ದು, ಬೇರೇನಿಲ್ಲ.

ಮನೆಯಲ್ಲಿ ಬೇರೆಯೇ ರಗಳೆ. ಹುಡುಗಿ ಎಷ್ಟು ಮಲಗಿದರೂ ನಿದ್ದೆ ತೀರದು. "ಕುಂಭಕರ್ಣನೂ ನಿನ್ನ ಹತ್ರ ಪಾಠ ಕಲೀಬೇಕು" ಎಂದು ತಾಯಿ ರೇಗುವಳು. ಬಾಚಣಿಗೆ ತುಂಬ ಕೂದಲು. ಕಿಟಕಿಯಾಚೆ ನಿಂತವರು ಅವಳ ಒಡಕು ದನಿ ಕೇಳಿ, "ಶೀತಾನಾ?" ಎನ್ನುತ್ತಿದ್ದರು.

ಒಂದು ಸುಡುವ ಮಧ್ಯಾಹ್ನ ಗುಬ್ಬಿ ಅಂಗಡಿಗೆ ಬಂದು, ಬಂದವಳೇ ಫ್ಯಾನ್ ಆರಿಸಿದಳು.

"ಅಂಗಿಗೆ ಒಳಗೊಂದು ಬಟ್ಟೆ ಕೊಟ್ಟು ಹೊಲಿ ದೊಡ್ಡಮ್ಮ. ಚಳಿ ತಡೆಯೋಕಾಗ್ತಿಲ್ಲ."

"ಈ ಬಿಸಿಲಲ್ಲಿ ಚಳಿಯಾ? ನಾನಿಲ್ಲಿ ಬೆಂದುಹೋಗ್ತಿದೀನಿ!"

ಹುಡುಗಿ ನಗಲಿಲ್ಲ. "ಆಗದಿದ್ರೆ ಬೇಡ ಬಿಡು. ಕೆಲಸಾನೇ ಬಿಟ್ಬಿಡ್ತೀನಿ. ತಿಂಗಳಿಗೆ ಎರಡೆರಡು ಸಲ ಮುಟ್ಟು, ಬಂದ್ರೆ ವಾರವಾದ್ರೂ ನಿಲ್ಲಲ್ಲ. ಕೂತಲ್ಲೇ ತೂಕಡಿಸಿ ಮೊನ್ನೆ ಬೇರೆ ಊರಿನ ಟಿಕೆಟ್ ಕೊಟ್ಟೆ. ಅಮ್ಮ ಹೇಳೋದು ನಿಜ, ನಾನು ಸೋಮಾರಿ."

"ಮೊದ್ಲು ನೀರು ಕುಡಿ" ಎಂದು ದೊಡ್ಡಮ್ಮ ಲೋಟ ಕೊಟ್ಟಳು. ಹುಡುಗಿ ಮುಖ ಮೇಲೆತ್ತಿ ಕುಡಿದಳು. ಒಂದೊಂದು ಗುಟುಕಿಗೂ ಕಾಲರಿನ ಹಿಂದೆ ಏನೋ ದಪ್ಪಗೆ ಮೇಲೇರಿ ಕೆಳಗಿಳಿಯಿತು. ದೊಡ್ಡಮ್ಮ ಥಟ್ಟನೆ ಎದ್ದಳು. ಟೇಪು ತೆಗೆದು ಭುಜ ಅಳೆದಳು, ಮಣಿಕಟ್ಟು ಅಳೆದಳು. ಮೊದಲ ದಿನ ಇದ್ದಷ್ಟೇ. ಆಮೇಲೆ ಕತ್ತು.

"ಎಷ್ಟು ಬಂತು?"

ನಾಲಿಗೆ ಹಳೆಯ ಅಭ್ಯಾಸದಂತೆ "ಹನ್ನೆರಡೂವರೆ" ಎನ್ನಲು ಹೊರಟು ಹಲ್ಲಿನ ಹಿಂದೆಯೇ ನಿಂತಿತು.

"ಹದಿನಾಲ್ಕು. ನೋಡಿಲ್ಲಿ." ಅಂಗಿಯ ಅಂಚು ತಿರುಗಿಸಿದಳು. ಗುಂಡಿಯ ಪಕ್ಕ ಹಳೆಯ ದಾರದ ತೂತುಗಳು, ಸಾಲಾಗಿ ಮೂರು ಕಡೆ. "ನಾನೇ ಸರಿಸ್ದೆ ಕಣೇ. ನಿಂಗೆ ಬೇಜಾರಾಗ್ಬಾರ್ದು ಅಂತ."

ಹುಡುಗಿ ತೂತುಗಳ ಮೇಲೆ ಬೆರಳಾಡಿಸಿದಳು. "ನಿನ್ನ ಹತ್ರ ಆದ್ರೂ ನಿಜ ಸಿಗುತ್ತೆ ಅಂದ್ಕೊಂಡಿದ್ದೆ" ಎಂದು ಹೇಳಿ, ಎದ್ದು ಹೋದಳು.

ಅಷ್ಟು ವರ್ಷದಲ್ಲಿ ಮೊದಲ ಸಲ ಟೈಲರಮ್ಮ ಹಾಡಹಗಲೇ ಬಾಗಿಲೆಳೆದಳು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ತಂಗಿಯ ಮನೆಗೆ ನಡೆದು, ಕತ್ತಿನ ಅಳತೆಗಳನ್ನು ತೋರಿಸಿದಳು.

"ಸೋಮಾರಿತನಕ್ಕೂ ಒಂದು ಕಾಯಿಲೆ ಹುಡುಕ್ಕೊಂಡು ಬಂದ್ಯಾ ಅಕ್ಕ?" ಎಂದಳು ತಂಗಿ.

"ಬೈಯೋದಿದ್ರೆ ನನ್ನ ಬೈಯಿ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ ವರ್ಷವಿಡೀ ಗುಂಡಿ ಸರಿಸ್ತಾ ಕೂತೆ. ನಾಳೆ ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ನೀನು ಬಂದ್ರೂ ಸರಿ, ಬರದಿದ್ರೂ ಸರಿ." ಗುಬ್ಬಿ ಗೋಡೆಯ ಕಡೆ ತಿರುಗಿ ಮಲಗಿದ್ದಳು, ಬರಲ್ಲ ಎಂದು ಮಾತ್ರ ಹೇಳಲಿಲ್ಲ.

ಡಾಕ್ಟರಮ್ಮ ಹುಡುಗಿಗೆ ನೀರು ಕುಡಿಸಿ, ಹಿಂದೆ ನಿಂತು ಕತ್ತು ಮುಟ್ಟಿ ನೋಡಿದರು. ಅಳತೆ ಪುಸ್ತಕ ತಿರುವಿದರು: ಹನ್ನೆರಡೂವರೆ, ಹದಿಮೂರು, ಹದಿಮೂರೂವರೆ, ಹದಿನಾಲ್ಕು, ತಾರೀಕಿನ ಸಮೇತ. "ಇಷ್ಟು ನೀಟಾಗಿ ನಮ್ಮ ನರ್ಸೂ ಬರೆಯಲ್ಲ!" ಎಂದರು. ರಕ್ತ ಪರೀಕ್ಷೆಯಾಯಿತು. ಗಂಟಲಿನ ಥೈರಾಯ್ಡ್ ಗ್ರಂಥಿ ಊದಿಕೊಂಡು ಸೋತುಹೋಗಿದೆ, ಮೈಗೆ ಬೇಕಾದ ಹಾರ್ಮೋನ್ ಸಾಕಷ್ಟು ಬರುತ್ತಿಲ್ಲ. ನಿದ್ದೆ, ಚಳಿ, ಮುಟ್ಟಿನ ಏರುಪೇರು ಎಲ್ಲ ಅದರಿಂದಲೇ ಎಂದರು.

"ಅಂದ್ರೆ... ನಾನು ಸೋಮಾರಿ ಅಲ್ವಾ?" ಎಂದಳು ಗುಬ್ಬಿ. ಕೊನೆಗೂ ಜೊತೆಗೆ ಬಂದಿದ್ದ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಮಾತ್ರೆ, ಅರ್ಧ ಗಂಟೆ ಕಾಫಿ ಮುಟ್ಟುವಂತಿಲ್ಲ, ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ, ತಾನಾಗಿ ಮಾತ್ರೆ ಬಿಡುವಂತಿಲ್ಲ. ರೇಗುತ್ತಿದ್ದ ತಾಯಿ ಈಗ ಕಾಫಿ ಪಾತ್ರೆಗೆ ಕಾವಲು ನಿಂತಳು.

ಟೈಲರಮ್ಮ ತನ್ನ ನೇಮ ಮುರಿದಳು. ನಿಜವಾದ ಅಳತೆ ಕೇಳಿ ಇಬ್ಬರು ಗಿರಾಕಿಗಳು ಮುನಿಸಿಕೊಂಡು ಎದುರು ಅಂಗಡಿಗೆ ಹೋದರು. "ಟೇಪು ಹಳೇದಾಗಿ ಕುಗ್ಗಿದೆ" ಎಂದು ಹೇಳಿಕೊಂಡು ತಿರುಗಿದರಂತೆ.

ಗುಬ್ಬಿ ಮಾತ್ರ ಎರಡು ತಿಂಗಳು ಅಂಗಡಿ ಮೆಟ್ಟಿಲು ತುಳಿಯಲಿಲ್ಲ. ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಂಡಳು. ಆಮೇಲೊಂದು ಸಂಜೆ ಬಂದು ಸುಮ್ಮನೆ ಕತ್ತೊಡ್ಡಿ ನಿಂತಳು. ಫ್ಯಾನು ಓಡುತ್ತಿತ್ತು, ಆರಿಸಲಿಲ್ಲ.

"ಹದಿಮೂರು ಮುಕ್ಕಾಲು" ಎಂದಳು ದೊಡ್ಡಮ್ಮ.

"ಬಾಯಿದಾ, ಪುಸ್ತಕದ್ದಾ?"

ದೊಡ್ಡಮ್ಮ ಟೇಪನ್ನು ಅವಳ ಕೈಗೇ ಕೊಟ್ಟಳು. ಹುಡುಗಿ ಕನ್ನಡಿಯ ಮುಂದೆ ತಾನೇ ಅಳೆದುಕೊಂಡಳು. ಪೆನ್ಸಿಲ್ ಎತ್ತಿಕೊಂಡು ಹದಿನಾಲ್ಕರ ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಅದನ್ನೇ ಬರೆದಳು.

"ಗುಂಡಿ ಸರಿಸ್ಲೇನೇ?"

"ಬೇಡ, ಇನ್ನೂ ಸ್ವಲ್ಪ ಇಳೀಲಿ. ಸೂಜಿಗೆ ದಾರ ಪೋಣಿಸೋದು ಹೇಳ್ಕೊಡು ದೊಡ್ಡಮ್ಮ, ಆಗ ನಾನೇ ಹೊಲ್ಕೋತೀನಿ."