ಕುಂಕುಮ ಹಚ್ಚಿದ ಇಂಗ್ಲಿಷ್ ಪುಸ್ತಕ

ನಾನು ಕುಣಿಗಲ್ಲಿನ ಹೆಣ್ಣು. ಮದುವೆಯಾಗಿ ಗುಬ್ಬಿಗೆ ಬಂದಾಗ ತವರಿನಿಂದ ತಂದದ್ದೆಂದರೆ ಒಂದು ಹಿತ್ತಾಳೆಯ ಕೊಳದಪ್ಪಲೆ ಮತ್ತು ಎಸ್.ಎಸ್.ಎಲ್.ಸಿ. ಪಾಸಾದ ಸರ್ಟಿಫಿಕೇಟು. ಕೊಳದಪ್ಪಲೆ ಬಂದ ದಿನವೇ ಒಲೆಯ ಮೇಲೆ ಕೂತಿತು. ಸರ್ಟಿಫಿಕೇಟಿಗೆ ಕೆಲಸ ಸಿಕ್ಕಿದ್ದು ಐವತ್ತರ ದಶಕ ಮುಗಿಯುತ್ತಾ ಬಂದಾಗ, ನನ್ನ ನಾದಿನಿ ಇಂಗ್ಲಿಷ್ ಒಂದರಲ್ಲೇ ಫೇಲಾದ ವರ್ಷ.

ಆ ಹುಡುಗಿಗೆ ಮೇಷ್ಟ್ರಾಗುವ ಹುಚ್ಚು. ಚಿಕ್ಕವಳಿದ್ದಾಗ ಹಿತ್ತಲಿನ ಬಾಳೆಗಿಡಗಳಿಗೆ ಹಾಜರಿ ಕೂಗುತ್ತಿದ್ದಳಂತೆ. ಬಗ್ಗಿದ ಗಿಡಕ್ಕೆ ಕಿವಿ ಹಿಂಡಲು ಹೋಗಿ ಎಲೆ ಹರಿದು ಅಮ್ಮನ ಕೈಯಲ್ಲಿ ಬೈಸಿಕೊಂಡದ್ದೂ ಇದೆ. ನಮ್ಮ ಮಾವನವರು ಶಾಂತ ಸ್ವಭಾವದವರು, ಆದರೆ ಮಾತು ಒಂದೇ. “ಸೆಪ್ಟೆಂಬರಲ್ಲಿ ಇನ್ನೊಂದು ಸಲ ಕಟ್ಟಲಿ. ಪಾಸಾದ್ರೆ ತುಮಕೂರಲ್ಲಿ ಟ್ರೈನಿಂಗಿಗೆ ಸೇರಿಸ್ತೀನಿ. ಇಲ್ಲದಿದ್ರೆ ಗಂಡು ನೋಡೋದೇ” ಅಂದರು. ಅವಳು ನನ್ನ ಸೆರಗು ಹಿಡಿದುಕೊಂಡಳು. “ಅತ್ತಿಗೆ, ನೀವೇ ಹೇಳ್ಕೊಡ್ಬೇಕು.”

ಲೆಕ್ಕದಲ್ಲಿ ಚುರುಕಾದ ಹುಡುಗಿ. ಆದರೆ ಇಂಗ್ಲಿಷಿನಲ್ಲಿ ಹೀಗೆ ಮಾಡಬೇಕು, ಹಾಗೆ ಮಾಡಕೂಡದು ಎನ್ನುವ ವಾಕ್ಯಗಳು ಬಂದರೆ ಸಾಕು, ತಲೆ ಕೆಟ್ಟುಹೋಗುತ್ತಿತ್ತು. ಮಸ್ಟ್, ಷುಡ್, ಹ್ಯಾವ್ ಟು, ನೀಡ್ ನಾಟ್ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಬಿಡುತ್ತಿದ್ದಳು.

“ಎಲ್ಲಾ ‘ಬೇಕು’ ತಾನೆ ಅತ್ತಿಗೆ? ಒಂದು ಸಾಲ್ದಾ ಅವರಿಗೆ?”

“ನಮ್ಮನೇಲೇ ಎಲ್ಲಾ ಇದಾವಲ್ಲೇ” ಅಂದೆ. ನಾನು ಅಲಸಂದೆಕಾಯಿ ಬಿಡಿಸುತ್ತಿದ್ದೆ, ಅವಳು ಪುಸ್ತಕ ಹಿಡಿದು ಎದುರಿಗೆ ಕೂತಿದ್ದಳು. “ಅಮ್ಮ ಹೇಳೋದು ಮಸ್ಟ್. ಮೀರೋ ಹಾಗಿಲ್ಲ. ಅಪ್ಪ ಹೇಳೋದು ಷುಡ್. ಸಂಜೆ ಹೊತ್ತು ಕೆರೆ ಏರಿ ಮೇಲೆ ನಡೆದ್ರೆ ಒಳ್ಳೇದು ಅಂತಾರಲ್ಲ, ಕೇಳಿದ್ರೆ ಒಳ್ಳೇದು, ಕೇಳ್ದೇ ಇದ್ರೂ ಊಟ ಹಾಕ್ತಾರೆ. ಬೆಳಗಿನ ಗಾಡಿ ಹಿಡೀಬೇಕಾದ್ರೆ ಕತ್ತಲಲ್ಲೇ ಏಳ್ತೀವಲ್ಲ, ಯಾರೂ ಬಲವಂತ ಮಾಡಲ್ಲ, ಆದ್ರೂ ವಿಧಿ ಇಲ್ಲ. ಅದು ಹ್ಯಾವ್ ಟು.”

“ನೀಡ್ ನಾಟ್?”

“ಅದು ನಿಮ್ಮಣ್ಣ. ಹಪ್ಪಳ ಬೇಡ ಬಿಡು ಅಂತಾರೆ. ಹಾಕಿದ್ರೆ ತಿಂತಾರೆ.”

ಅವಳು ನಕ್ಕು ನಕ್ಕು ಅಲಸಂದೆಕಾಯಿಯ ಮೊರ ಚೆಲ್ಲಿದಳು. ಅಷ್ಟರಲ್ಲಿ ಒಳಗಿನಿಂದ ಅತ್ತೆಯವರ ದನಿ ಬಂತು. “ಯಾರೇ ಅದು ಮಡಿಕೋಲು ಮುಟ್ಟಿದ್ದು? ಜಾಗ ಬದಲಾಗಿದೆ.” ಮಡಿ ಸೀರೆಯನ್ನು ಎತ್ತರದ ಗಳುವಿನ ಮೇಲೆ ಹರವಿ ತೆಗೆಯುವ ಕೋಲು ಅದು, ಸ್ನಾನವಾಗದವರು ಮುಟ್ಟುವ ಹಾಗಿರಲಿಲ್ಲ. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಒಟ್ಟಿಗೇ “ಮಸ್ಟ್ ನಾಟ್” ಅಂದೆವು.

ಅಂದಿನಿಂದ ಅತ್ತೆಯವರ ಮಾತೇ ನಮ್ಮ ಪಾಠ. ಕಾಲು ತೊಳೆಯದೆ ಒಳಗೆ ಬರಬಾರದು, ಎಂಜಲು ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಬಾರದು, ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು. ಒಂದೊಂದನ್ನೂ ಅವಳು ಇಂಗ್ಲಿಷಿಗೆ ತಿರುಗಿಸಿ ಗುನುಗುವಳು. ಒಂದು ದಿನ ಅತ್ತೆಯವರು ಕೇಳಿಯೇಬಿಟ್ಟರು. “ಏನೇ ಅದು, ಹಗಲೆಲ್ಲ ಮಸ್ಟು ಮಸ್ಟು ಅಂತ?”

“ನೀವು ಹೇಳೋದನ್ನೇ ಹೇಳ್ತಿದೀವಮ್ಮ, ಇಂಗ್ಲಿಷಲ್ಲಿ” ಅಂದೆ.

“ಹಂಗಾದ್ರೆ ದೊರೆಗಳಿಗೂ ಮಡಿ ಇತ್ತು ಅನ್ನು” ಅಂದು ಒಳಗೆ ಹೋದರು. ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು.

ಗಣೇಶನ ಹಬ್ಬ ಬಂತು. ಅತ್ತೆಯವರು ಅವಳ ಇಂಗ್ಲಿಷ್ ಪುಸ್ತಕವನ್ನೂ ಇಂಕಿನ ಪೆನ್ನನ್ನೂ ತಾವೇ ದೇವರ ಮುಂದೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಗರಿಕೆ ಏರಿಸಿದರು. “ಸರಸ್ವತಿ ಬಂದು ಕೂತ್ಕೊಂಡ್ಲು. ಇನ್ನು ಭಯ ಇಲ್ಲ” ಅಂದರು. ನನಗೂ ಧೈರ್ಯ ಬಂತು. ಓದು ನಮ್ಮದು, ಫಲ ಅವನದು.

ಪರೀಕ್ಷೆಗೆ ಎರಡು ದಿನವಿದೆ ಅನ್ನುವಾಗ ನಾದಿನಿ ಹೊರಗಾದಳು. ಆಗ ನಮ್ಮಂಥ ಮನೆಗಳಲ್ಲಿ ಮುಟ್ಟಾದವರು ಮೂರು ದಿನ ಹಿತ್ತಲ ಕೋಣೆಯಲ್ಲೇ ಇರಬೇಕು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಅಲ್ಲಿಯವರೆಗೆ ದೇವರ ಸಾಮಾನು ಮುಟ್ಟುವಂತಿಲ್ಲ. ಪರೀಕ್ಷೆ ಬಿದ್ದದ್ದು ಸರಿಯಾಗಿ ಮೂರನೆಯ ದಿನ. ಪುಸ್ತಕ ಪೆನ್ನು ಎರಡೂ ಕುಂಕುಮ ಹಚ್ಚಿಸಿಕೊಂಡು ದೇವರ ಸಾಮಾನಾಗಿದ್ದವು. ಹುಡುಗಿ ಗೋಡೆಗೆ ಮುಖ ಮಾಡಿ ಅಳುತ್ತಾ ಕೂತಳು.

ಮಾವನವರು ಮೆಲ್ಲಗೆ ಅಂದರು. “ಇಂಗ್ಲಿಷ್ ಪುಸ್ತಕದಲ್ಲಿ ಸರಸ್ವತಿ ಇರ್ತಾಳೇನೇ? ಮುಟ್ಕೊಳ್ಲಿ ಬಿಡು.”

“ಮೊದ್ಲು ಇರ್ಲಿಲ್ಲ” ಅಂದರು ಅತ್ತೆಯವರು. “ನಾನೇ ಕರ್ದು ಕೂರಿಸಿದೀನಲ್ಲ. ಕರ್ದ ಮೇಲೆ ಇಲ್ಲ ಅನ್ನೋಕಾಗತ್ತಾ?”

ಮಾವನವರು ಪೇಪರು ಎತ್ತಿಕೊಂಡರು. ಅತ್ತೆಯವರು ಹಟಕ್ಕೆ ಹೇಳಿದ ಮಾತಲ್ಲ ಅದು. ಮಗಳು ಪಾಸಾಗಲಿ ಎಂದೇ ಕುಂಕುಮ ಹಚ್ಚಿದ್ದರು, ಈಗ ಅದೇ ಅಡ್ಡ ನಿಂತಿತ್ತು. ಮುಟ್ಟಿದರೆ ಸರಸ್ವತಿಗೆ ಅಪಚಾರವಾಗಿ ಫೇಲಾದಾಳು, ಮುಟ್ಟದಿದ್ದರೆ ಓದಿಲ್ಲದೆ ಫೇಲಾದಾಳು. ಅವರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾನು ಹತ್ತಿರ ಹೋಗಿ ಕೇಳಿದೆ. “ಅಮ್ಮ, ಪುಸ್ತಕ ನನ್ನ ಕೈಲಿರತ್ತೆ. ನಾನು ಹಿತ್ತಲ ಬಾಗಿಲಲ್ಲಿ ಕೂತು ಓದಿ ಹೇಳ್ತೀನಿ, ಅವಳು ದೂರದಿಂದ ಕೇಳಿಸ್ಕೊಳ್ಳಲಿ. ಆಗಬಹುದಾ?”

ಅವರು ದೇವರ ಮುಂದಿನಿಂದ ಪುಸ್ತಕ ತಂದು ನನ್ನ ಕೈಗೆ ಕೊಟ್ಟರು. “ಮಾತಿಗೆ ಮೈಲಿಗೆ ಇಲ್ಲ. ಹೇಳು” ಅಂದರು.

ಹೀಗೆ ನಮ್ಮ ಪಾಠ ಬಾಯಿಪಾಠವಾಯಿತು. ನಾನು ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಾ ಕನ್ನಡದಲ್ಲಿ ಒಂದು ಕಟ್ಟಳೆ ಹೇಳುವುದು, ಅವಳು ಕೋಣೆಯ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಕೂಗುವುದು. ಬಾವಿಯಲ್ಲಿ ನೀರು ಸೇದುತ್ತಿದ್ದ ಅತ್ತೆಯವರು ಮೊದಲು ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಹಗ್ಗ ಬಿಟ್ಟು, “ಬಡಿಸೋ ಸೌಟನ್ನ ನೆಕ್ಕಬಾರದು, ಇದು ಹೇಳ್ಕೊಟ್ಯಾ?” ಅಂದರು. “ಬಂದೋರಿಗೆ ಮೊದ್ಲು ನೀರು ಕೊಡಬೇಕು, ಆಮೇಲೆ ಊರು ಕೇಳಬೇಕು. ಅದು ಹೇಳು.” ಕಟ್ಟಳೆಗಳು ಅವರ ಹತ್ತಿರ ಬಾವಿ ನೀರಿನ ಹಾಗೆ, ಸೇದಿದಷ್ಟೂ ಬರುತ್ತಿದ್ದವು. ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ, “ಏನ್ರಮ್ಮಾ, ಅತ್ತೆ ಸೊಸೆ ಇಂಗ್ಲಿಷಲ್ಲಿ ಜಗಳಾನಾ?” ಅಂತ ಕೇಳಿದರು. ಪುಸ್ತಕ ಹಿಡಿದು ವಾರಗಟ್ಟಲೆ ಓದಿದ್ದಕ್ಕಿಂತ ಹೆಚ್ಚು ಅವಳಿಗೆ ಆ ಎರಡು ದಿನ ತಲೆಗೆ ಹತ್ತಿತು. ದೇವರು ಒಂದು ಬಾಗಿಲು ಹಾಕಿದರೂ ಕಿಟಕಿಯ ಅಗಳಿ ಹಾಕುವುದಿಲ್ಲ ಎಂದು ನಾನು ಅಂದುಕೊಂಡೆ.

ಪಾಠವೇನೋ ಆಯಿತು, ಪೆನ್ನಿನ ಗತಿ ಏನು? ಮನೆಯಲ್ಲಿ ಇದ್ದದ್ದು ಅದೊಂದೇ ಪೆನ್ನು.

ಪರೀಕ್ಷೆಯ ಬೆಳಗ್ಗೆ ಅತ್ತೆಯವರು ಪೂಜೆ ಮುಗಿಸಿ, ತಮ್ಮ ಹಳೆಯ ರೇಷ್ಮೆ ಸೀರೆಯ ಅಂಚಿನಿಂದ ಒಂದು ಬೆರಳಗಲದ ಪಟ್ಟಿ ಹರಿದರು. ಅದು ಅವರ ಮದುವೆಯ ಕಾಲದ ಸೀರೆ. ಪೆನ್ನಿಗೆ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ನನ್ನ ಕೈಗೆ ಕೊಟ್ಟರು.

“ರೇಷ್ಮೆಗೆ ಮೈಲಿಗೆ ತಟ್ಟಲ್ಲ. ಇದರ ಮೇಲೆ ಹಿಡ್ಕೊಂಡು ಬರೀಲಿ. ಪರೀಕ್ಷೆ ಕಾಗದಕ್ಕೆ ನಾನೇನೂ ಕುಂಕುಮ ಹಚ್ಚಿಲ್ಲ, ಅದನ್ನ ಮುಟ್ಟಬಹುದು. ನೀನು ಜೊತೆಗೆ ಹೋಗು. ಬಂದ ಮೇಲೆ ಬಾವಿಕಟ್ಟೆ ಹತ್ರ ಸ್ನಾನ ಮಾಡ್ಕೊಂಡು ಒಳಗೆ ಬಾ.” ಆಮೇಲೆ ಕೋಣೆಯ ಕಡೆ ತಿರುಗಿ ಅಷ್ಟು ದೂರದಿಂದಲೇ ಅಂದರು. “ಹೋಗಲೇಬೇಕು ಕಣೇ. ಅಳ್ತಾ ಕೂತ್ರೆ ಸರಸ್ವತಿ ಬಂದು ಬರೀತಾಳಾ?”

ತುಮಕೂರಿನ ಬಸ್ಸಿನಲ್ಲಿ ಪುಣ್ಯಕ್ಕೆ ಇಬ್ಬರಿಗೂ ಸೀಟು ಸಿಕ್ಕಿತು. ಪರೀಕ್ಷೆಯ ಶಾಲೆಯ ಹೊರಗೆ ಹೊಂಗೆ ಮರದ ನೆರಳಿತ್ತು, ನಾನು ಅಲ್ಲಿ ಕೂತು ಗೊತ್ತಿದ್ದ ದೇವರ ನಾಮಗಳನ್ನೆಲ್ಲ ಹೇಳಿ ಮುಗಿಸಿದೆ. ಗಂಟೆ ಹೊಡೆದು ಅವಳು ಹೊರಗೆ ಬಂದಾಗ ಮುಖ ಅರಳಿತ್ತು. ಕುಂಕುಮದ ಪೆನ್ನನ್ನು ಪಟ್ಟಿಯ ಮೇಲೇ ಹಿಡಿದಿದ್ದಳು.

“ಕಾವಲಿಗಿದ್ದ ಮೇಷ್ಟ್ರು ಹಿಡ್ಕೊಂಡ್ಬಿಟ್ರು ಅತ್ತಿಗೆ. ಇದೇನಮ್ಮ, ಬಟ್ಟೆ ಒಳಗೆ ಚೀಟಿ ಗೀಟಿ ಇದೆಯಾ ಅಂತ ಬಿಚ್ಚಿಸಿದ್ರು.”

“ನೀನೇನಂದೆ?”

“ಗಂಡಸ್ರಿಗೆ ಏನ್ ಹೇಳೋದು? ನಾಚ್ಕೆ ಆಯ್ತು. ಕನ್ನಡದಲ್ಲಿ ಬಾಯೇ ಬರ್ಲಿಲ್ಲ. ‘ಮೈ ಮದರ್ ಸೇಸ್ ಐ ಮಸ್ಟ್, ಸರ್’ ಅಂದ್ಬಿಟ್ಟೆ.”

“ಅದಕ್ಕೆ?”

“ಒಳಗೇನೂ ಸಿಗ್ಲಿಲ್ಲವಲ್ಲ. ‘ಇಷ್ಟು ಇಂಗ್ಲಿಷ್ ಬರೋಳಿಗೆ ಚೀಟಿ ಯಾಕೆ, ಬರಿ’ ಅಂತ ನಕ್ಕೊಂಡು ಹೋದ್ರು. ಪೆನ್ನು ಮುಟ್ಟದ ಹಾಗೆ ನಾನೇ ತಿರ್ಗಾ ಸುತ್ತಿದೆ. ಅತ್ತಿಗೆ, ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗಿಗೆ ಅಲ್ಲಿನ ಕಟ್ಟಳೆ ತಿಳಿಸಿ ಬರೀರಿ ಅಂತ ಕೇಳಿದ್ರು. ಅಮ್ಮಂದೇ ಎಲ್ಲಾ ಬರ್ದೆ. ಸೌಟು ನೆಕ್ಕೋದೂ ಬಿಡ್ಲಿಲ್ಲ.”

ಆಮೇಲಿನ ವಾರಗಳು ಎಳೆದುಕೊಂಡು ಹೋದವು. ಫಲಿತಾಂಶದ ಪೇಪರು ಬೆಂಗಳೂರಿನ ಗಾಡಿಯಲ್ಲಿ ಬರುತ್ತದೆಂದು ಮಾವನವರು ಸ್ಟೇಷನ್ನಿಗೆ ಹೋದರು. ನಾದಿನಿ ಒಂದೇ ತಂಬಿಗೆಯನ್ನು ಉಜ್ಜಿದ್ದೇ ಉಜ್ಜಿದ್ದು. ಅತ್ತೆಯವರು ಬತ್ತಿ ಹೊಸೆಯುತ್ತಾ ಬಾಗಿಲ ಕಡೆಗೇ ನೋಡುತ್ತಿದ್ದರು. ಮಾವನವರು ಬಂದರು, ಪೇಪರನ್ನು ಕಂಕುಳಲ್ಲೇ ಇಟ್ಟುಕೊಂಡು ಚಪ್ಪಲಿ ಬಿಟ್ಟರು, ಕಾಲು ತೊಳೆದರು, ಕಾಫಿ ಕೇಳಿದರು. ನಾನು ಕೊಟ್ಟ ಕಾಫಿಯನ್ನು ಆರಿಸಿ ಆರಿಸಿ ಕುಡಿದರು.

“ಬಾಯಲ್ಲಿ ಏನಿಟ್ಕೊಂಡಿದೀರಿ? ಹೇಳಬಾರದಾ?” ಅಂದರು ಅತ್ತೆಯವರು.

ಮಾವನವರು ಲೋಟ ಕೆಳಗಿಟ್ಟು, “ಅಟ್ಟದ ಮೇಲಿನ ಕಬ್ಬಿಣದ ಟ್ರಂಕಲ್ಲಿ ಏನಿದೆ ಈಗ?” ಅಂದರು.

“ವರ್ಷದ ಮೆಣಸಿನಕಾಯಿ. ಯಾಕೆ?”

“ಖಾಲಿ ಮಾಡು. ಹುಡುಗಿ ತುಮಕೂರಿಗೆ ತಗೊಂಡು ಹೋಗಬೇಕಲ್ಲ.”

ಹಿತ್ತಲಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ಅತ್ತೆಯವರು ಎದ್ದು ದೇವರಿಗೆ ಕೈಮುಗಿದು, ನೇರ ಅಟ್ಟಕ್ಕೆ ಏಣಿ ಇಟ್ಟರು. ನಾನು ಕೆಳಗೆ ಏಣಿ ಹಿಡಿದು ನಿಂತೆ. ಟ್ರಂಕು ಇಳಿಸಿ, ಒರೆಸಿ, ಸೀಗೆಪುಡಿಯಲ್ಲಿ ಉಜ್ಜಿ, ಎರಡು ದಿನ ಬಿಸಿಲಿಗೆ ಇಟ್ಟರೂ ಘಾಟು ಹೋಗಲಿಲ್ಲ. ಟ್ರೈನಿಂಗ್ ಮುಗಿಯುವವರೆಗೂ ಅವಳ ಸೀರೆಗಳೆಲ್ಲ ಖಾರ ಖಾರ ವಾಸನೆ. ಅವಳು ಸೀರೆ ಕೊಡವಿದರೆ ಹಾಸ್ಟೆಲಿನ ಹುಡುಗಿಯರು ಸಾಲಾಗಿ ಸೀನುತ್ತಿದ್ದರಂತೆ. ರಜಕ್ಕೆ ಬಂದಾಗ ಅದನ್ನೇ ಹೇಳಿ ಹೇಳಿ ನಗಿಸುತ್ತಿದ್ದಳು.