ಎಂಜಿನ್ ಹಿಂದಕ್ಕೆ ಹೋದ ಬಳೆಗೈ

ಮೊನ್ನೆ ಭಾನುವಾರ ನನ್ನ ಬಲಗೈ ನಮ್ಮ ವ್ಯಾನಿನ ಎಂಜಿನ್ ಹಿಂದೆ ಸಿಕ್ಕಿಕೊಂಡಿತ್ತು. ಬಾಯಲ್ಲಿ ಸ್ಪ್ಯಾನರ್. ಇಷ್ಟು ಥ್ರಿಲ್ ಆಗಿ ಎಷ್ಟು ಕಾಲವಾಗಿತ್ತು!

ಎಂಜಿನ್ ಮೇಲಿನ ಮುಚ್ಚಳಕ್ಕೆ ಒಂದು ಗ್ಯಾಸ್ಕೆಟ್ ಇರುತ್ತದೆ. ಕಡೂರಿನಲ್ಲಿ ಎಲ್ಲರೂ ಪ್ಯಾಕಿಂಗ್ ಅನ್ನುತ್ತಾರೆ. (ಕುಕ್ಕರ್‌ಗೂ ಅದೇ ಹೆಸರು.) ಅದು ಹೋಗಿ ಆಯಿಲ್ ಸೋರುತ್ತಿತ್ತು, ಹೊಗೆ ಬೇರೆ. ನಮ್ಮ ವ್ಯಾನಿನ ಎಂಜಿನ್ ಇರುವುದು ಸೀಟಿನ ಕೆಳಗೆ. ಮುಚ್ಚಳದ ಹಿಂದಿನ ಬೋಲ್ಟ್ ಕಣ್ಣಿಗೂ ಕಾಣದು, ಕೈಗೂ ಎಟುಕದು.

"ಎಂಜಿನ್ನೇ ಇಳಿಸ್ಬೇಕು ಮೇಡಂ" ಅಂದರು ಗ್ಯಾರೇಜಿನವರು. ಹಳೇ ವ್ಯಾನಿಗೆ ಅಷ್ಟು ಖರ್ಚು ಯಾಕೆ ಅಂತ ನಮ್ಮ ಯಜಮಾನರು ತರೀಕೆರೆಯ ಗುಜರಿಯವನಿಗೆ ಫೋನ್ ಮಾಡಿಯೇಬಿಟ್ಟರು. "ಸಾಯಂಕಾಲ ಬಂದು ತಗೊಂಡ್ಹೋಗ್ತಾನೆ ಕಣೇ."

ತಗೊಂಡು ಹೋಗುವುದೆ? ಅಮ್ಮನನ್ನು ಕೊನೆಯ ಸಲ ಅಜ್ಜಂಪುರಕ್ಕೆ ಕರೆದೊಯ್ದದ್ದು ಇದರಲ್ಲೇ. ಅದಿರಲಿ, ಇದು ಹೋದರೆ ನನ್ನ ಡ್ರೈವಿಂಗ್ ಫಿನಿಶ್. ಎಪ್ಪತ್ತು ದಾಟಿದವಳ ಕೈಗೆ ಇನ್ನೊಂದು ಸ್ಟೀರಿಂಗ್ ಕೊಡುವವರು ಯಾರು, ಹೇಳಿ?

ಪ್ಯಾಕಿಂಗ್ ತಂದೆ. ಸೀಟು ಎತ್ತಿದೆ. ಮುಂದಿನ ಬೋಲ್ಟುಗಳು ಸಲೀಸಾಗಿ ಬಂದವು. ಹಿಂದಿನದರ ಹತ್ತಿರ ಕೈ ಬೆರಳ ಗೆಣ್ಣಿನಾಚೆ ಹೋಗಲೊಲ್ಲದು. ಆಗ ಬಂದಳು ಪಕ್ಕದ ಮನೆಯ ಜಮೀಲಾ. ನನ್ನ ವಾರಿಗೆಯವಳು, ಬಳೆ ಅಂಗಡಿ ಇಟ್ಟಿದ್ದವಳು. ನನ್ನ ಮಗಳ ಸೀಮಂತಕ್ಕೆ ಬಳೆ ತೊಡಿಸಿದ್ದೂ ಇವಳೇ.

"ಏನೇ, ಸಲ್ಯೂಟ್ ಹೊಡೆಯೋಳ ಥರ ಕೈ ನೆಟ್ಟಗಿಟ್ಕೊಂಡಿದ್ದೀಯ? ಚಿಕ್ಕ ಬಳೆ ತೊಡೋವಾಗ ಹೆಂಗ್ ಮಡಿಸ್ತೀಯ? ಹಂಗ್ ಮಡ್ಸು!"

ಸೋಪು ಹಚ್ಚಿದಳು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಒತ್ತಿ, ಗೆಣ್ಣುಗಳನ್ನು ಹಿಂಡಿ, "ಉಸ್ರು ಬಿಡು" ಅಂದಳು. ಬಿಟ್ಟೆ. ಕೈ ಒಳಗೆ! ಬೋಲ್ಟ್ ಸಿಕ್ಕಿತು! (ಕಾನ್ವೆಂಟಿನಲ್ಲಿ ದಿನಾ ನಮ್ಮ ಉಗುರು ನೋಡುತ್ತಿದ್ದ ಸಿಸ್ಟರ್ ಈಗ ಇದ್ದಿದ್ದರೆ ಫೇಂಟ್ ಆಗುತ್ತಿದ್ದರು, ಪಾಪ.)

ಹೊಸದು ಕೂರಿಸಿ ಸ್ಟಾರ್ಟ್ ಮಾಡಿದೆ. ಅಯ್ಯೋ, ಆಯಿಲ್ ಮೊದಲಿಗಿಂತ ಜೋರು! ಹಳೆಯ ಪ್ಯಾಕಿಂಗ್ ಬೆಂದು ಕರಕಲಾಗಿ ಮುಚ್ಚಳಕ್ಕೇ ಅಂಟಿಕೊಂಡಿತ್ತು. ನಾವು ಅದರ ಮೇಲೇ ಹೊಸದನ್ನು ಕೂರಿಸಿದ್ದೆವು.

"ಕಾವಲೀಲಿ ದೋಸೆ ಹಂಗೇ ಇದೆ, ಅದ್ರ ಮೇಲೆ ಇನ್ನೊಂದ್ ಹುಯ್ದಿದ್ದೀರಲ್ಲಾ!" ಅಂತ ಇವರು ನಕ್ಕರು, ಪೇಪರ್ ಕೆಳಗಿಡದೆ.

"ನೀವು ಎದ್ದು ಟೀ ಮಾಡ್ಹೋಗಿ ಸಾಹೇಬ್ರೇ" ಅಂದಳು ಜಮೀಲಾ.

ಮತ್ತೆ ಬಿಚ್ಚಿದೆವು. ಹಳೆಯದನ್ನು ಚಾಕುವಿನಿಂದ ಪೂರ್ತಿ ಕೆರೆದೆವು. ಮತ್ತೆ ಸೋಪು, ಮತ್ತೆ ಹೆಬ್ಬೆರಳು. ಕೀ ತಿರುಗಿಸಿದೆ. ಒಂದು ಹನಿ ಇಲ್ಲ! ಹೊಗೆ ಇಲ್ಲ! ಇಬ್ಬರು ಮುದುಕಿಯರು ಅಂಗಳದಲ್ಲಿ ಕಿರುಚಿದ ಕಿರುಚಾಟಕ್ಕೆ ಬೀದಿಯವರೆಲ್ಲ ಹೊರಗೆ ಬಂದರು.

ಗುಜರಿಯವನು ಬಂದಾಗ ನಾನು ವ್ಯಾನ್ ರಿವರ್ಸ್ ತೆಗೆಯುತ್ತಿದ್ದೆ. ಪಕ್ಕದ ಸೀಟಿನಲ್ಲಿ ಜಮೀಲಾ, ಸಖರಾಯಪಟ್ಟಣದವರೆಗೆ ಒಂದು ರೌಂಡ್ ಹೊಡೆಯಲು ರೆಡಿ.

"ಹಳೇದಾಗ್ಬಿಟ್ಟಿದೆ ಅಂದ್ರಲ್ಲ ಸಾರ್?" ಅಂದ ಆತ.

"ಹಳೇದೇ ಕಣಪ್ಪಾ" ಅಂದರು ಇವರು, ಗೇಟು ಅಗಲಕ್ಕೆ ತೆರೆಯುತ್ತ. "ಓಡ್ಸೋರು ಬಿಡ್ತಿಲ್ಲ."

ಹಳೆಯದಾಯಿತು ಅಂತ ಸಾಗಹಾಕಲು ಹೊರಟವರೇ, ಒಂದು ಸಲವಾದರೂ ಬಿಚ್ಚಿ ನೋಡಿದ್ದೀರಾ?